ಮೂಗಿನ ಮೂಳೆ ಕೂಡಿತು, ಕಣ್ಣೀರು ನಿಲ್ಲಲಿಲ್ಲ

ಬೈಕಿನಿಂದ ಬಿದ್ದು ಮೂಗಿನ ಬುಡದ ಮೂಳೆ ಮುರಿದಿರುತ್ತದೆ. ಪ್ಲೇಟು, ಸ್ಕ್ರೂ ಹಾಕಿಸಿಕೊಂಡು ಮನೆಗೆ ಹೋಗಿರುತ್ತಾರೆ. ಕೆಲವು ತಿಂಗಳಾದ ಮೇಲೆ ಕರ್ಚೀಫು ಹಿಡಿದುಕೊಂಡೇ ನಮ್ಮ ಹತ್ತಿರ ಬರುತ್ತಾರೆ. "ಒಂದೇ ಕಣ್ಣಲ್ಲಿ ನೀರು ಸುರೀತಾನೇ ಇರುತ್ತೆ ಡಾಕ್ಟ್ರೇ, ಎಷ್ಟು ಡ್ರಾಪ್ಸ್ ಹಾಕಿದ್ರೂ ನಿಲ್ತಿಲ್ಲ."

ನಿಲ್ಲುವುದೂ ಇಲ್ಲ. ಕಣ್ಣೀರು ಜಾಸ್ತಿ ಬರುತ್ತಿಲ್ಲ, ಇಳಿಯಲು ದಾರಿ ಇಲ್ಲ ಅಷ್ಟೇ. ರೆಪ್ಪೆಗಳ ಒಳತುದಿಯಲ್ಲಿ ಮೇಲೊಂದು, ಕೆಳಗೊಂದು ಪುಟ್ಟ ತೂತುಗಳಿವೆ. ಅಲ್ಲಿಂದ ನೀರು ಸಣ್ಣ ನಾಳಗಳಲ್ಲಿ ಹರಿದು ಕಣ್ಣೀರಿನ ಚೀಲ ಸೇರುತ್ತದೆ. ಚೀಲದಿಂದ ಮೂಳೆಯೊಳಗಿನ ಕೊಳವೆಯಲ್ಲಿ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗೂ ಸೋರುತ್ತದಲ್ವಾ, ಅದು ಇದರಿಂದಲೇ. ಆ ಮೂಳೆ ಮುರಿದು ಜರುಗಿದರೆ ಕೊಳವೆ ಜಜ್ಜಿಹೋಗುತ್ತದೆ.

ನಾನು ಮೊದಲು ಕಣ್ಣಿನ ಒಳಮೂಲೆಯ ಪಕ್ಕ ಬೆರಳಿಟ್ಟು ಮೆಲ್ಲಗೆ ಒತ್ತುತ್ತೇನೆ. ತೂತಿನಿಂದ ಲೋಳೆಯೋ ಕೀವೋ ಬಂದರೆ ತಡೆ ಚೀಲದ ಕೆಳಗಿದೆ. ಏನೂ ಬರದಿದ್ದರೆ ಮೊಂಡು ಸೂಜಿಯಲ್ಲಿ ಆ ತೂತಿಗೆ ಉಪ್ಪುನೀರು ಬಿಡುತ್ತೇವೆ. ಗಂಟಲಿಗೆ ಉಪ್ಪು ರುಚಿ ಹತ್ತಿದರೆ ದಾರಿ ತೆರೆದಿದೆ ಅಂತ ಲೆಕ್ಕ. ಪೆಟ್ಟಿನ ಕೇಸಿನಲ್ಲಿ ಸಿ.ಟಿ. ಸ್ಕ್ಯಾನ್ ನೋಡದೆ ಆಪರೇಷನ್ನಿಗೆ ಕೈಹಾಕುವುದಿಲ್ಲ. ಚೀಲ ತನ್ನ ಜಾಗ ಬಿಟ್ಟು ಸರಿದಿರಬಹುದು. ಆಪರೇಷನ್ನಿನಲ್ಲಿ ಮೂಳೆಗೆ ಕಿಂಡಿ ಕೊರೆಯಬೇಕಾದ ಜಾಗದಲ್ಲೇ ಹಳೇ ಪ್ಲೇಟು ಕೂತಿರಬಹುದು. ಆಗ ಅದನ್ನೂ ತೆಗೆಯಬೇಕು.

ಆಪರೇಷನ್ನಿನ ಹೆಸರು ಡಿಸಿಆರ್ (ಡ್ಯಾಕ್ರಿಯೋಸಿಸ್ಟೋರೈನಾಸ್ಟಮಿ), ಅಂದರೆ ಕಣ್ಣೀರಿನ ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುವುದು. ಇಟಲಿಯ ಅಡೆಯೊ ಟೋಟಿ 1904ರಲ್ಲಿ ತೋರಿಸಿಕೊಟ್ಟ ದಾರಿ. ಹಾಳಾದ ಕೊಳವೆಯನ್ನು ನಾವು ರಿಪೇರಿ ಮಾಡುವುದಿಲ್ಲ. ಕಟ್ಟಿಕೊಂಡ ಚರಂಡಿ ಬಿಟ್ಟು ಪಕ್ಕದಲ್ಲಿ ಹೊಸ ಕಾಲುವೆ ತೋಡಿದ ಹಾಗೆ ಇದು. ಚೀಲದ ಪಕ್ಕದ ಮೂಳೆಯಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರಿನ ಕಿಂಡಿ ಮಾಡಿ, ಚೀಲವನ್ನು ಮೂಗಿನ ಒಳಪದರಕ್ಕೆ ಹೊಲಿಯುತ್ತೇವೆ. ಎಂಡೋಸ್ಕೋಪ್ ಹಾಕಿ ಮೂಗಿನ ಒಳಗಿಂದಲೂ ಮಾಡಬಹುದು, ಗಾಯದ ಗುರುತು ಉಳಿಯುವುದಿಲ್ಲ. ಆದರೆ ಮೂಳೆ ಚೂರಾದವರಿಗೆ ನನಗೆ ಚರ್ಮ ಕೊಯ್ದು ಹೊರಗಿನಿಂದ ಮಾಡುವ ದಾರಿಯೇ ವಾಸಿ. ಎಲ್ಲವೂ ಕಣ್ಣೆದುರು ಕಾಣುತ್ತದೆ. ಹೊಸ ದಾರಿ ಮುಚ್ಚದಿರಲಿ ಅಂತ ಸಿಲಿಕಾನ್ ಎಳೆಯೊಂದನ್ನು ಕೆಲವು ವಾರ ಬಿಡುತ್ತೇವೆ.

ರೆಪ್ಪೆಯ ಒಳತುದಿ ನಾಳದ ಸಮೇತ ಹರಿದಿದ್ದರೆ ಮಾತ್ರ ಕಾಯಬಾರದು. ಒಂದೆರಡು ದಿನದೊಳಗೆ ನಾಳ ಜೋಡಿಸಬೇಕು. ಮೂಳೆಯ ಪೆಟ್ಟಿನಿಂದ ಸುಮ್ನೆ ನೀರು ಬರುತ್ತಿದ್ದರೆ ಕೆಲವು ತಿಂಗಳು ಕಾಯುವುದುಂಟು. ಊತ ಇಳಿದರೆ ಕೆಲವರಿಗೆ ತಾನಾಗಿ ಸರಿಹೋಗುತ್ತದೆ. ಪೊರೆ ಆಪರೇಷನ್ ಬಾಕಿ ಇದ್ದು, ಚೀಲದಲ್ಲಿ ಕೀವಿದ್ದರೆ, ಡಿಸಿಆರ್ ಮೊದಲು. ಇಲ್ಲದಿದ್ದರೆ ಆ ಸೋಂಕು ಕಣ್ಣೊಳಗೆ ಹೋದೀತು.

ನಾಳಗಳೇ ಪೂರ್ತಿ ಹಾಳಾದವರಿಗೆ ಕಣ್ಣಿನ ಮೂಲೆಯಿಂದ ಮೂಗಿಗೆ ಪುಟ್ಟ ಗಾಜಿನ ಕೊಳವೆ ಇಡುತ್ತೇವೆ. ಅವರು ಸೀನುವಾಗ ಕಣ್ಣು ಮುಚ್ಚಿ ಆ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕೊಳವೆ ಹೊರಗೆ ಹಾರಿಬರಬಹುದು.