‘ಹೆದರಬೇಡ’ ಅಂತ ಹೇಳಿ ಕಳಿಸಬೇಡಿ

ಕೊಡಗಿಗೆ ರೈಲಿಲ್ಲ. ರಜೆ ಮುಗಿಸಿದ ಸೈನಿಕ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಅಲ್ಲಿ ರೈಲು ಹಿಡಿಯಬೇಕು. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಜೊತೆ ಸಂಘರ್ಷದ ಹೊತ್ತಿನಲ್ಲಿ, ರಜೆ ರದ್ದಾಗಿ ನಮ್ಮ ಹುಡುಗರು ಗಡಿಬಿಡಿಯಲ್ಲಿ ವಾಪಸು ಹೊರಟಾಗ ನಾನು ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿದ್ದೆ. ಒಬ್ಬ ತಂದೆ ಮಗನ ಭುಜ ತಟ್ಟಿ ಹೇಳಿದ್ದು ಕಿವಿಗೆ ಬಿತ್ತು: “ಹೆದರಬೇಡ. ಹೆದರಿಕೆ ನಮ್ಮ ರಕ್ತದಲ್ಲೇ ಇಲ್ಲ.”

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೇನೆಯ ಆಸ್ಪತ್ರೆಗಳಲ್ಲಿ ಮನೋವೈದ್ಯನಾಗಿದ್ದೆ, ಈಗ ಊರಲ್ಲೇ ರೋಗಿಗಳನ್ನು ನೋಡುತ್ತೇನೆ. ಆ ತಂದೆಯ ಪ್ರೀತಿಯ ಬಗ್ಗೆ ಅನುಮಾನವೇ ಇಲ್ಲ. ಆದರೆ ಮಗನ ಬೆನ್ನಿಗಿದ್ದ ಬ್ಯಾಗಿಗಿಂತ ಭಾರದ್ದೊಂದನ್ನು ಅವರು ಗೊತ್ತಿಲ್ಲದೆ ಹೊರಿಸಿ ಕಳಿಸಿದರು.

ತೋಟದ ದಾರಿಯ ತಿರುವಿನಲ್ಲಿ ಒಂಟಿ ಆನೆ ಎದುರಾದಾಗ ಏನಾಗುತ್ತದೆ, ನೆನಪಿಸಿಕೊಳ್ಳಿ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಬಾಯಿ ಒಣಗುತ್ತದೆ. ಹೊಟ್ಟೆ ತೊಳಸುತ್ತದೆ. ಗಡಿಯಲ್ಲಿ ಫಿರಂಗಿಯ ಶೆಲ್ ಬಿದ್ದಾಗಲೂ ಇದೇ. ಅಡ್ರಿನಲಿನ್ ಏರುತ್ತದೆ, ರಕ್ತ ಹೊಟ್ಟೆ ಬಿಟ್ಟು ಕೈಕಾಲುಗಳ ದೊಡ್ಡ ಸ್ನಾಯುಗಳಿಗೆ ಓಡುತ್ತದೆ. ಓಡುವುದಕ್ಕೆ, ಎತ್ತುವುದಕ್ಕೆ ಬಲ ಬರುತ್ತದೆ, ಆದರೆ ಬೆರಳುಗಳ ಸಣ್ಣ ಕೆಲಸ ಕೆಡುತ್ತದೆ. ಗುಂಡಿ ಹಾಕಲಾಗುವುದಿಲ್ಲ, ಬಕಲ್ ಸಿಗುವುದಿಲ್ಲ. ಕೆಲವರಿಗೆ ಪಕ್ಕದಲ್ಲೇ ಹಾರಿದ ಗುಂಡಿನ ಸದ್ದು ಕೇಳಿಸಿರುವುದಿಲ್ಲ. ಮೂತ್ರಕ್ಕೆ ಅವಸರವಾಗುತ್ತದೆ, ಕೆಲವರಿಗೆ ಬಟ್ಟೆಯಲ್ಲೇ ಆಗಿಬಿಡುತ್ತದೆ. ಪದಕ ಪಡೆದವರಿಗೂ ಆಗಿದೆ. ಏರು ಹತ್ತಿದರೆ ಏದುಸಿರು ಬರುವಷ್ಟೇ ಸಹಜ ಇದು.

ಈಗ ‘ರಕ್ತದಲ್ಲೇ ಇಲ್ಲ’ ಅಂತ ಕೇಳಿಕೊಂಡು ಬೆಳೆದ ಹುಡುಗನ ಜಾಗದಲ್ಲಿ ನಿಂತು ನೋಡಿ. ಕೈ ನಡುಗಿದ ಕೂಡಲೇ ಅವನಿಗೆ ಅನ್ನಿಸುವುದು ಒಂದೇ: ಇಷ್ಟು ಜನರಲ್ಲಿ ನಾನೊಬ್ಬನೇ ಹೇಡಿ. ಹೆದರಿಕೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅದರ ಮೇಲೆ ಕೂತ ನಾಚಿಕೆ ವರ್ಷಗಟ್ಟಲೆ ಇಳಿಯುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ತರುವುದು ಆ ನಾಚಿಕೆಯನ್ನೇ.

ಇದು ನನ್ನೊಬ್ಬನ ಅಭಿಪ್ರಾಯವೇನಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದ 300 ಅಮೆರಿಕನ್ನರನ್ನು ಜಾನ್ ಡಾಲರ್ಡ್ ಎಂಬ ಮನಃಶಾಸ್ತ್ರಜ್ಞ 1940ರ ದಶಕದಲ್ಲಿ ಪ್ರಶ್ನಿಸಿದ್ದ. ಮೊದಲ ಕಾಳಗಕ್ಕೆ ಇಳಿಯುವಾಗ ಹೆದರಿದ್ದೆವು ಅಂದವರು ನೂರಕ್ಕೆ 70ಕ್ಕಿಂತ ಜಾಸ್ತಿ. ನನಗೆ ಮುಖ್ಯವಾಗಿ ಕಂಡಿದ್ದು ಇನ್ನೊಂದು ಉತ್ತರ. ಕಾಳಗಕ್ಕೆ ಮುಂಚೆ ಹೆದರಿಕೆಯನ್ನು ಒಪ್ಪಿಕೊಂಡು ಮಾತಾಡುವುದೇ ಒಳ್ಳೆಯದು ಅಂತ 10ರಲ್ಲಿ 8 ಜನ ಹೇಳಿದ್ದರು. ಎಲ್ಲರೂ ಯುದ್ಧ ಕಂಡವರು, ಸುಮ್ನೆ ಹೇಳಿದ ಮಾತಲ್ಲ.

ಕಳೆದ ಮಳೆಗಾಲದಲ್ಲಿ ಸೋಮವಾರಪೇಟೆ ಕಡೆಯ ಒಬ್ಬ ಹುಡುಗ ಬಂದಿದ್ದ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿ ಹೇಳುತ್ತಿದ್ದೇನೆ. ನಿದ್ದೆ ಮಾತ್ರೆ ಬೇಕು ಅಂದ. ಹೆಬ್ಬೆರಳಿನ ಉಗುರಿನಿಂದ ನನ್ನ ಮೇಜಿನ ಅಂಚು ಕೆರೆಯುತ್ತ ತುಂಬ ಹೊತ್ತು ಕೂತ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ. ಗಡಿಯಲ್ಲಿ ಮೊದಲ ಸಲ ಶೆಲ್ಲಿಂಗ್ ಶುರುವಾದ ರಾತ್ರಿ ಹೆಲ್ಮೆಟ್ ಪಟ್ಟಿಯ ಬಕಲ್ ಹಾಕಿಕೊಳ್ಳಲು ಅವನಿಗೆ ಆಗಲಿಲ್ಲ. ಹಾಗೇ ತಲೆಗೆ ಒತ್ತಿ ಹಿಡಿದುಕೊಂಡು ಬಂಕರಿಗೆ ಓಡಿದ. ಬೆಳಗಿನವರೆಗೆ ಹೇಳಿದ ಕೆಲಸವನ್ನೆಲ್ಲ ಮಾಡಿದ, ಒಂದೂ ತಪ್ಪಲಿಲ್ಲ. ಆದರೂ ತಲೆಯಲ್ಲಿ ಉಳಿದದ್ದು ಆ ಬಕಲ್ ಮಾತ್ರ. “ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ” ಅಂದ.

ಅಪ್ಪ ಹೊರಗೆ ಬೆಂಚಿನ ಮೇಲಿದ್ದರು, ನಿವೃತ್ತ ಹವಾಲ್ದಾರ್. ಹುಡುಗನನ್ನು ಒಪ್ಪಿಸಿ ಅವರನ್ನು ಒಳಗೆ ಕರೆದೆ. ಬಕಲ್ ವಿಷಯ ಎತ್ತಲಿಲ್ಲ. 1999ರಲ್ಲಿ ಕಾರ್ಗಿಲ್‌ನಲ್ಲಿ ಮೊದಲ ರಾತ್ರಿ ಹೇಗಿತ್ತು, ಅಷ್ಟೇ ಕೇಳಿದೆ. ಅವರು ಒದ್ದೆ ಕೊಡೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಹತ್ತುವ ಮುಂಚೆ ಮೂರು ಸಲ ಬಂಡೆ ಮರೆಗೆ ಹೋಗಿದ್ದೆ ಸರ್. ಕಾಲು ನನ್ನದಲ್ಲ ಅನ್ನೋ ಹಾಗಿತ್ತು.” ಹುಡುಗ ತಲೆ ಎತ್ತಿ ಅವರನ್ನೇ ನೋಡಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಮಾತು ಮಗನ ಕಿವಿಗೆ ಬಿದ್ದಿರಲಿಲ್ಲ. ಒಂದು ಮಾತಿಗೆ ಎಲ್ಲ ವಾಸಿಯಾಗುವುದಿಲ್ಲ, ಹುಡುಗ ಇನ್ನೂ ನಾಲ್ಕು ಸಲ ಬಂದ. ಆದರೆ ಮಾತ್ರೆ ಕೇಳಲಿಲ್ಲ.

ಇದನ್ನೆಲ್ಲ ಹೇಳಿದರೆ ಹಿರಿಯರು ನನಗೆ ತಿಮ್ಮಯ್ಯ ಸರ್ಕಲ್ ತೋರಿಸುತ್ತಾರೆ. “ಜನರಲ್ ತಿಮ್ಮಯ್ಯ ಹೆದರಿದ್ರಾ?” ಪ್ರತಿಮೆ ನೋಡಿ ಅದು ಹೇಗೆ ಗೊತ್ತಾಗಬೇಕು? ಗೊತ್ತಿರುವುದು ಹೇಳುತ್ತೇನೆ. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆ ದಾರಿಯಲ್ಲಿ, ಅಷ್ಟು ಎತ್ತರದಲ್ಲಿ, ಟ್ಯಾಂಕ್ ನುಗ್ಗಿಸಿದರು. ಎಲ್ಲಕ್ಕಿಂತ ಮುಂದಿದ್ದ ಟ್ಯಾಂಕಿನಲ್ಲಿ ತಾವೇ ಇದ್ದರು ಅಂತ ಹೇಳುತ್ತಾರೆ. ಸಿಪಾಯಿಯ ಮನಸ್ಸು ಗಟ್ಟಿಯಾಗುವುದು ಇಂಥದ್ದರಿಂದ. ನಮ್ಮ ಸಾಹೇಬರು ಜೊತೆಗಿದ್ದಾರೆ, ಪಕ್ಕದವನು ನನ್ನನ್ನು ಬಿಟ್ಟು ಹೋಗಲ್ಲ ಅನ್ನುವ ನಂಬಿಕೆ ಇದ್ದರೆ ನಡುಗುವ ಕೈಯೂ ಕೆಲಸ ಮಾಡುತ್ತದೆ.

ಕಾಫಿ ಸಸಿ ಬೆಳೆಸುವವರಿಗೆ ತಯಾರಿ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಸಿದ ಸಸಿಯನ್ನು ನೆರಳಿನಿಂದ ನೇರ ತೋಟಕ್ಕೆ ಒಯ್ಯುತ್ತೀರಾ? ಚಪ್ಪರ ಸ್ವಲ್ಪ ಸ್ವಲ್ಪವೇ ತೆಗೆದು ಬಿಸಿಲು ಅಭ್ಯಾಸ ಮಾಡಿಸುತ್ತೀರಿ ಅಲ್ವಾ? ಡೊನಾಲ್ಡ್ ಮೈಕನ್‌ಬಾಮ್ ಎಂಬ ಮನಃಶಾಸ್ತ್ರಜ್ಞ 1970ರ ದಶಕದಲ್ಲಿ ರೂಪಿಸಿದ, ಒತ್ತಡ ಎದುರಿಸುವ ತರಬೇತಿ ಇದೇ ದಾರಿಯದು. ಏನಾಗುತ್ತದೆ ಅಂತ ಮೊದಲೇ ಹೇಳು, ಏನು ಮಾಡಬೇಕು ಅಂತ ಕಲಿಸು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕಷ್ಟಕ್ಕೆ ಒಡ್ಡು. ಮೈದಾನದ ತರಬೇತಿ ಸೇನೆಯ ಕೆಲಸ. ಮೊದಲ ಪಾಠ ಮನೆಯಲ್ಲೂ ಆಗಬಹುದು. “ಕೈ ನಡುಗುತ್ತೆ ಮಗಾ, ನಡುಗಲಿ. ನಾಲ್ಕು ಎಣಿಸಿ ಉಸಿರು ತಗೋ, ನಾಲ್ಕು ಎಣಿಸಿ ಬಿಡು. ಮುಂದಿನ ಒಂದು ಕೆಲಸ ಯಾವುದೋ ಅದನ್ನ ಮಾಡು. ಪಕ್ಕದವನ ಜೊತೆ ಮಾತಾಡು.” ಇಷ್ಟು ಸಾಕು. ಹೆಣದ ಕತೆ, ರಕ್ತದ ಕತೆ ಬೇಡ.

ಎಲ್ಲವನ್ನೂ ಸಹಜ ಅಂತ ತಳ್ಳಿಹಾಕಬೇಡಿ. ವಾಪಸು ಬಂದು ತಿಂಗಳಾದರೂ ಕೆಟ್ಟ ಕನಸು, ಸಿಡುಕು, ಸದ್ದಿಗೆ ಬೆಚ್ಚಿಬೀಳುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ತಿಂಗಳು ಕಾಯಬೇಡಿ, ಅದೇ ದಿನ ಕರೆದುಕೊಂಡು ಬನ್ನಿ. ಮಿಲಿಟರಿ ಕ್ಯಾಂಟೀನಿನ ರಮ್ ಕುಡಿಸಿ ಮಲಗಿಸುವುದನ್ನಂತೂ ದಯವಿಟ್ಟು ನಿಲ್ಲಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಸೈನಿಕನ ಹೆಂಡತಿಯೊಬ್ಬಳು ಮೊನ್ನೆ ಕೇಳಿದಳು: “ಅವರು ಹೊರಡುವಾಗ ಅಳಬಾರದಂತೆ, ಹೌದಾ ಸರ್?” ಅಳು ಬಂದರೆ ಅಳಮ್ಮ, ಅದರಿಂದ ಯಾರ ಧೈರ್ಯವೂ ಕರಗುವುದಿಲ್ಲ ಅಂದೆ. ಅವಳಿಗೆ ಇನ್ನೊಂದು ಕೆಲಸವನ್ನೂ ಹೇಳಿದೆ. ಅವನು ಹೋಗುವ ಹಿಂದಿನ ರಾತ್ರಿ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಕಾಫಿ ಕೊಯ್ಲಿಗೆ ಆಳು ಕರೆಯುವವರು ಯಾರು, ಸಾಲದ ಕಂತು ಯಾವ ತಾರೀಖಿಗೆ, ಮಗುವಿನ ಫೀಸು ಯಾವ ಖಾತೆಯಿಂದ, ಅತ್ತೆಗೆ ಹುಷಾರಿಲ್ಲದಿದ್ದರೆ ಯಾರ ಜೀಪು. ಅವಳು ನನ್ನ ಪ್ಯಾಡಿನಿಂದಲೇ ಒಂದು ಹಾಳೆ ಕೇಳಿ ಪಡೆದು, ಮಡಿಸಿ ಪರ್ಸಿಗೆ ಹಾಕಿಕೊಂಡಳು.