ಉಸಿರು ಎಣಿಸು ಅನ್ನುವ ಟ್ಯಾಬ್

ಮಗುವಿಗೆ ಕೆಮ್ಮು. ಬರೀ ನೆಗಡಿಯೋ, ನ್ಯುಮೋನಿಯಾನೋ? ಅಂಗಿ ಮೇಲೆತ್ತಿ, ಒಂದು ನಿಮಿಷದಲ್ಲಿ ಎದೆ ಎಷ್ಟು ಸಲ ಏರಿಳಿಯುತ್ತದೆ ಅಂತ ಎಣಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಮುಟ್ಟಿತೆಂದರೆ ಉಸಿರು ಜೋರಾಗಿದೆ ಎಂದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಇದು ಎಷ್ಟೋ ವರ್ಷದಿಂದ ಇದೆ. ಆದರೆ ಹೊರಗೆ ಜನ ಸಾಲುಗಟ್ಟಿ ಕೂತಿರುವಾಗ, ಅಳುವ ಮಗುವನ್ನು ಹಿಡಿದುಕೊಂಡು ಪೂರ್ತಿ ಒಂದು ನಿಮಿಷ ಎಣಿಸುವವರು ಯಾರು? ಒಂದು ಆಂಟಿಬಯೋಟಿಕ್ ಬರೆದು ಕಳಿಸುವುದೇ ಸುಲಭ, ಅಲ್ವಾ?

ಹೆಜ್ಜೆ ಹೆಜ್ಜೆಗೂ ದಾರಿ ತೋರಿಸುವ ಟ್ಯಾಬ್ ಕೈಗೆ ಕೊಟ್ಟರೆ ಇದು ಬದಲಾಗುತ್ತದೆಯೇ? ಟಾಂಜಾನಿಯಾದ 40 ಆರೋಗ್ಯ ಕೇಂದ್ರಗಳಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದರು. ಅರ್ಧ ಕಡೆ ಟ್ಯಾಬ್ ಕೊಟ್ಟರು, ಅರ್ಧ ಕಡೆ ಎಂದಿನಂತೆ ಬಿಟ್ಟರು. ಟ್ಯಾಬ್‌ನಲ್ಲಿದ್ದ ಇಪಾಕ್ಟ್ ಪ್ಲಸ್ ಎಂಬ ಆ್ಯಪ್ ಒಂದೊಂದೇ ಪ್ರಶ್ನೆ ಕೇಳುತ್ತದೆ, ಉಸಿರು ಎಣಿಸು ಅನ್ನುತ್ತದೆ, ಬೆರಳಿಗೆ ಆಕ್ಸಿಮೀಟರ್ ಹಾಕು ಅನ್ನುತ್ತದೆ, ಬೇಕಾದರೆ ಒಂದು ಹನಿ ರಕ್ತದಲ್ಲಿ ಸಿಆರ್‌ಪಿ (ಸೋಂಕು, ಉರಿಯೂತ ಇದ್ದಾಗ ಏರುವ ಅಂಶ) ನೋಡು ಅನ್ನುತ್ತದೆ. 2024ರಲ್ಲಿ ಫಲಿತಾಂಶ ಬಂತು. ಟ್ಯಾಬ್ ಇಲ್ಲದ ಕಡೆ ನೂರರಲ್ಲಿ 70 ಮಕ್ಕಳಿಗೆ ಆಂಟಿಬಯೋಟಿಕ್ ಬರೆದಿದ್ದರು, ಇದ್ದ ಕಡೆ ಬರೀ 23. ವಾರ ಬಿಟ್ಟು ನೋಡಿದಾಗ, ಕಡಿಮೆ ಔಷಧಿ ಕೊಟ್ಟರು ಅಂತ ಮಕ್ಕಳಿಗೇನೂ ಜಾಸ್ತಿ ತೊಂದರೆ ಆಗಿರಲಿಲ್ಲ.

ಕರ್ನಾಟಕದ ಕಥೆ ಬೇರೆ. ಇಲ್ಲಿ ಮತ್ತು ಹರಿಯಾಣದಲ್ಲಿ, ಒಟ್ಟು 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಎಂವೆಲ್‌ಕೇರ್ ಎಂಬ ಪ್ರಯೋಗ ನಡೆಯಿತು. ನರ್ಸ್ ಬಿಪಿ, ಶುಗರ್ ನೋಡಿ ಟ್ಯಾಬ್‌ಗೆ ಹಾಕುವುದು, ಯಾವ ಔಷಧಿ ಕೊಡಬಹುದು ಅಂತ ಅದು ಡಾಕ್ಟರಿಗೆ ಸೂಚಿಸುವುದು. ಒಂದು ವರ್ಷದಲ್ಲಿ ಬಿಪಿ ಸುಮಾರು 13 ಪಾಯಿಂಟ್ ಇಳಿಯಿತು. ಭಲೇ ಅನ್ನಬೇಡಿ, ಟ್ಯಾಬ್ ಇಲ್ಲದ ಕೇಂದ್ರಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು! ಅಲ್ಲಿಯ ಸಿಬ್ಬಂದಿಗೂ ತರಬೇತಿ ಕೊಟ್ಟು, ಚಿಕಿತ್ಸೆಯ ಚಾರ್ಟ್ ಕೊಟ್ಟಿದ್ದರು. ಮೇಲಾಗಿ ಬಿಪಿ ಏರಿದ್ದ ದಿನವೇ ಪ್ರಯೋಗಕ್ಕೆ ಸೇರಿಸಿಕೊಂಡವರನ್ನು ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಒಂದಿಷ್ಟು ಕಡಿಮೆಯೇ ಬರುತ್ತದೆ. ಹೋಲಿಸಿ ನೋಡಲು ಆ ಇನ್ನರ್ಧ ಕೇಂದ್ರಗಳು ಇಲ್ಲದೇ ಹೋಗಿದ್ದರೆ 13 ಪಾಯಿಂಟೂ ಆ್ಯಪ್‌ನ ಖಾತೆಗೇ ಜಮಾ ಆಗುತ್ತಿತ್ತು. ಅದಕ್ಕೇ ನನಗೆ ಈ 'ಸೋತ' ಪ್ರಯೋಗವೇ ಜಾಸ್ತಿ ಇಷ್ಟ.

ಇನ್ನೊಂದು ವ್ಯತ್ಯಾಸವೂ ಇದೆ. ಆಂಟಿಬಯೋಟಿಕ್ ಬೇಕೋ ಬೇಡವೋ ಅನ್ನುವುದು ಡಾಕ್ಟರ ಮೇಜಿನ ಮೇಲೆ, ಅವತ್ತೇ ಮುಗಿಯುವ ಮಾತು. ಬಿಪಿ ಹಾಗಲ್ಲ. ನಮ್ಮಮ್ಮನ ಮಾತ್ರೆ ಡಬ್ಬಿ ಅಡುಗೆಮನೆ ಕಿಟಕಿಯಲ್ಲಿದೆ, ಉಪ್ಪಿನಕಾಯಿ ಭರಣಿ ಪಕ್ಕದಲ್ಲಿ. "ಇವತ್ತು ತಲೆ ಸುತ್ತುತ್ತಿಲ್ವಲ್ಲ, ಮಾತ್ರೆ ಯಾಕೆ?" ಅಂತ ಬೆಳಿಗ್ಗೆ ಎದ್ದು ಅವರೇ ತೀರ್ಮಾನ ಮಾಡಿಬಿಡುತ್ತಾರೆ.