ಬೋಗನ್‌ವಿಲ್ಲಾ ಹೂ ಬಿಡ್ತಿಲ್ವಾ? ಮೊದಲು ನೀರು ಕಡಿಮೆ ಮಾಡಿ

ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ತೋಟಗಳಲ್ಲಿ ನಾನು ಕೇಳುವ ದೂರು ಹೆಚ್ಚುಕಡಿಮೆ ಒಂದೇ. ಬೋಗನ್‌ವಿಲ್ಲಾ ಕಾಂಪೌಂಡ್ ದಾಟಿ ಬೆಳೆದಿದೆ, ಎಲೆ ದಟ್ಟವಾಗಿದೆ, ಹೂ ಮಾತ್ರ ಇಲ್ಲ. ಬುಡ ನೋಡಿದರೆ ಸದಾ ಒದ್ದೆ. ಹುಲ್ಲಿಗೂ ಗುಲಾಬಿಗೂ ಹಾಕಿದ ಡ್ರಿಪ್ ಪೈಪನ್ನೇ ಇದಕ್ಕೂ ಎಳೆದಿರುತ್ತಾರೆ.

ಒಂದು ಉದ್ದನೆಯ ಕೊಂಬೆ ಹಿಡಿದು, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ನೋಡಿ. ಅಲ್ಲೊಂದು ಮುಳ್ಳಿದೆ ಅಲ್ವಾ? ಹೂಗೊಂಚಲು ಹೊರಡುವುದೂ ಅಲ್ಲಿಂದಲೇ. ಆ ಮೊಗ್ಗು ಮುಳ್ಳೂ ಆಗಬಹುದು, ಹೂವೂ ಆಗಬಹುದು. ನೀರು, ಯೂರಿಯಾ, ನೆರಳು ಜಾಸ್ತಿಯಾದರೆ ಗಿಡ ಬರೀ ಬೆಳೆಯುತ್ತಾ ಹೋಗುತ್ತದೆ, ಮೊಗ್ಗೆಲ್ಲ ಮುಳ್ಳಾಗುತ್ತದೆ. ಬಿಸಿಲು ಚೆನ್ನಾಗಿ ಬಿದ್ದು, ಬೇರು ಸ್ವಲ್ಪ ಒಣಗಿ, ಹಗಲು ಚಿಕ್ಕದಾದರೆ ಅದೇ ಜಾಗದಲ್ಲಿ ಹೂ. ನಾವು ಹೂ ಅನ್ನುವ ಆ ಬಣ್ಣದ ಹಾಳೆಗಳು ನಿಜಕ್ಕೂ ಎಲೆಗಳೇ. ಮೂರು ಹಾಳೆಗಳ ಒಳಗೆ ನಿಂತಿರುವ ಪುಟ್ಟ ಬಿಳಿ ಕೊಳವೆಗಳೇ ಅಸಲಿ ಹೂ.

ಹಾಗಂತ ಹೊಸದಾಗಿ ನೆಟ್ಟ ಗಿಡವನ್ನು ಒಣಗಿಸಬೇಡಿ. ಮೊದಲ ವರ್ಷ ಬೇರು ಆಳಕ್ಕೆ ಇಳಿಯುವ ತನಕ ನೀರು ಬೇಕೇ ಬೇಕು. ಆಮೇಲೆ ಕೊಟ್ಟಾಗ ನೆಲ ಪೂರ್ತಿ ನೆನೆಯುವಷ್ಟು ಕೊಡಿ, ಮತ್ತೆ ಸುಮ್ನೆ ಬಿಟ್ಟುಬಿಡಿ. ಮೇಲಿನ ಎರಡಿಂಚು ಮಣ್ಣು ಒಣಗಿ, ಸಂಜೆ ಹೊತ್ತಿಗೆ ಎಳೆ ತುದಿಗಳು ತುಸು ಬಾಗಿದಾಗ ಮತ್ತೆ ನೀರು. ನಡು ಮಧ್ಯಾಹ್ನ ಬಾಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಏಪ್ರಿಲ್ ಬಿಸಿಲಿಗೆ ಎಂಥ ಗಿಡವೂ ಬಾಗುತ್ತದೆ. ಕುಂಡದ ಗಿಡಕ್ಕೆ ಈ ಸರದಿ ಬೇಗ ಬರುತ್ತದೆ.

ಎರೆ ನೆಲದವರು ಇನ್ನೊಂದು ವಿಷಯ ಗಮನಿಸಬೇಕು. ಗುಂಡಿ ತೋಡಿ ಮರಳು ತುಂಬಿ ನೆಟ್ಟರೆ ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ಬೇರು ಕೊಳೆಯುತ್ತದೆ. ಅದರ ಬದಲು ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ಒಂದಡಿ ಎತ್ತರದ ದಿಬ್ಬ ಮಾಡಿ ನೆಡಿ. ನೆಡುವಾಗ ಬೇರಿನ ಮಣ್ಣುಂಡೆ ಒಡೆಯಬಾರದು. ಇದರ ಬೇರು ಬಹಳ ನಾಜೂಕು, ಮುಟ್ಟಿದರೆ ಗಿಡ ತಿಂಗಳುಗಟ್ಟಲೆ ಮುನಿಸಿಕೊಳ್ಳುತ್ತದೆ.

ಇದಕ್ಕೆ ಹಿಡಿದು ಹತ್ತುವ ಕುಡಿಗಳಿಲ್ಲ, ಹಾಗಾಗಿ ಕಮಾನಿಗೆ ನೀವೇ ಕಟ್ಟಬೇಕು. ಮುಳ್ಳಿರುವ ಕಾರಣ ಮಕ್ಕಳು ಓಡಾಡುವ ಗೇಟಿನ ಪಕ್ಕ ಬೇಡ.

ಹೂ ಬರುವುದು ಹೊಸ ಚಿಗುರಿನಲ್ಲಿ. ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್‌ನಲ್ಲಿ, ಚಾಟಿಯಂತೆ ಎದ್ದ ಕೊಂಬೆಗಳನ್ನು ಗಟ್ಟಿ ಮನಸ್ಸು ಮಾಡಿ ಕತ್ತರಿಸಿ. ಚಿಗುರು ಬಂದು ಗೇಣುದ್ದ ಆದ ಮೇಲೆ ನೀರು ಹಿಡಿತಕ್ಕೆ ತನ್ನಿ. ಚಳಿಗಾಲದ ಹೂವಿನ ನಂತರ ತುದಿಗಳನ್ನು ಹಗುರಾಗಿ ಸವರಿದರೆ ಬೇಸಿಗೆಗೆ ಇನ್ನೊಂದು ಸುತ್ತು ಹೂ ಸಿಗುತ್ತದೆ.